ಅರ ಹಿಡಿಯುವ ಮೊದಲು: ನೈಟ್ರೋ ಎಂಜಿನ್‌ನ ಬಲ ಹೆಚ್ಚಿಸುವುದು ಹೇಗೆ?

ಅಂಗೈಯಲ್ಲಿ ಹಿಡಿಯುವಷ್ಟೇ ಇರುವ 3.5 ಸಿಸಿ ಎಂಜಿನ್ ನಿಮಿಷಕ್ಕೆ 35,000 ಸುತ್ತು ತಿರುಗುತ್ತದೆ ಎಂದರೆ ದೊಡ್ಡ ಗಾಡಿಗಳ ಮೆಕ್ಯಾನಿಕ್‌ಗಳೂ ಹುಬ್ಬೇರಿಸುತ್ತಾರೆ. 1:8 ಅಳತೆಯ ರೇಡಿಯೊ ನಿಯಂತ್ರಿತ ಬಗ್ಗಿ ಕಾರುಗಳಲ್ಲಿ ಕೂರುವ ಈ ನೈಟ್ರೋ ಎಂಜಿನ್ ಟೂ-ಸ್ಟ್ರೋಕ್ ಜಾತಿಯದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕನ್ನು ಬಿಚ್ಚಿ ಜೋಡಿಸಿದವರಿಗೆ ಇದರ ಒಳಗು ಹೊಸದಲ್ಲ: ವಾಲ್ವ್‌ಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸ ಇರುವುದು ಹೊತ್ತಿಸುವ ವಿಧಾನದಲ್ಲಿ. ಇಲ್ಲಿ ಕಿಡಿ ಇಲ್ಲ. ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿ ಆರಂಭದಲ್ಲಿ 1.5 ವೋಲ್ಟ್ ಬ್ಯಾಟರಿಯಿಂದ ಕಾಯುತ್ತದೆ. ಬ್ಯಾಟರಿ ತೆಗೆದ ಮೇಲೆ ಮೆಥನಾಲ್ ಜತೆಗಿನ ರಾಸಾಯನಿಕ ಕ್ರಿಯೆ ಮತ್ತು ದಹನದ ಬಿಸಿ ಅದನ್ನು ಕೆಂಪಗಿಡುತ್ತವೆ. ಇಂಧನ ಯಾವ ಕ್ಷಣದಲ್ಲಿ ಹೊತ್ತಿಕೊಳ್ಳಬೇಕು ಎಂಬುದು ಪ್ಲಗ್, ಒತ್ತಡ, ಇಂಧನ ಮೂರನ್ನೂ ಅವಲಂಬಿಸಿದೆ. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಮತ್ತೆ ನೋಡಬೇಕಾಗುತ್ತದೆ.

ಎಂಜಿನ್‌ಗೆ ಬಲ ಬೇಕೆಂದ ಕೂಡಲೇ ಹಲವರ ಕೈ ಹೋಗುವುದು ಸಣ್ಣ ಗ್ರೈಂಡರ್ ಕಡೆಗೆ. ಈ ಲೇಖನದ ಕ್ರಮ ಅದಕ್ಕೆ ತದ್ವಿರುದ್ಧ. ಹಣ ಖರ್ಚಾಗದ ಕೆಲಸ ಮೊದಲು, ಲೋಹ ಕತ್ತರಿಸುವ ಕೆಲಸ ಕೊನೆಗೆ.

ಶುರುವಿಗೆ ಮುನ್ನ ಇಂಧನದ ಬಗ್ಗೆ ಎರಡು ಮಾತು. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ ಇದು. ಒಂದು ಗ್ರಾಂ ಮೆಥನಾಲ್ ಉರಿಯಲು ಸುಮಾರು 6.4 ಗ್ರಾಂ ಗಾಳಿ ಬೇಕು, ನೈಟ್ರೋಮೀಥೇನ್‌ಗೆ 1.7 ಗ್ರಾಂ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದು. ನೈಟ್ರೋದ ಬಲದ ಗುಟ್ಟು ಇದೇ. ಆದರೆ ಮೆಥನಾಲ್ ವಿಷ. 1981ರ ಜುಲೈನಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ ವಸ್ತು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ. ಕೈಗವಸು ಹಾಕಿಕೊಳ್ಳಿ, ಬಯಲಿನಲ್ಲೇ ಎಂಜಿನ್ ಓಡಿಸಿ, ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಮನೆಯಲ್ಲೇ ಇಂಧನ ಬೆರೆಸುವ ಸಾಹಸ ಬೇಡ, ಸಿದ್ಧ ಡಬ್ಬಿಯನ್ನೇ ಕೊಳ್ಳಿ.

ಮೊದಲ ಕೆಲಸ: ಈಗ ಎಷ್ಟಿದೆ ಎಂದು ಅಳೆಯುವುದು

ಒಂದೇ ದೂರವನ್ನು ಸ್ಟಾಪ್‌ವಾಚ್ ಹಿಡಿದು ಹಲವು ಬಾರಿ ಓಡಿಸಿ ಸರಾಸರಿ ಬರೆದಿಟ್ಟುಕೊಳ್ಳಿ. ಓಡಿ ಬಂದ ತಕ್ಷಣ ಪ್ಲಗ್ ಬಳಿ ಉಷ್ಣಮಾಪಕ ಗನ್ ಹಿಡಿದು ಬಿಸಿ ನೋಡಿ. ಸಾಮಾನ್ಯವಾಗಿ 100ರಿಂದ 125 ಡಿಗ್ರಿ ಸೆಲ್ಸಿಯಸ್ ಆರೋಗ್ಯಕರ. ಇಷ್ಟು ಬರೆದಿಟ್ಟುಕೊಳ್ಳದವರಿಗೆ ಮುಂದೆ ಮಾಡುವ ಪ್ರತಿ ಬದಲಾವಣೆಯೂ ವೇಗ ಹೆಚ್ಚಿಸಿದಂತೆಯೇ ಕಾಣುತ್ತದೆ. ಕಿವಿ ಸದ್ದಿಗೆ ಮರುಳಾಗುತ್ತದೆ, ಗಡಿಯಾರ ಆಗುವುದಿಲ್ಲ.

ಬಳಿಕ ಎಂಜಿನ್ ತಣ್ಣಗಿರುವಾಗ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಈ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಅಲ್ಯುಮಿನಿಯಂ ಪಿಸ್ಟನ್, ಅದು ಓಡಾಡುವ ಹಿತ್ತಾಳೆಯ ಕೊಳವೆ ಅಂದರೆ ಸ್ಲೀವ್, ಸ್ಲೀವಿನ ಒಳಗೋಡೆಗೆ ಕ್ರೋಮ್ ಲೇಪ. ಸ್ಲೀವ್ ಮೇಲ್ಭಾಗದಲ್ಲಿ ತುಸು ಕಿರಿದಾಗಿರುತ್ತದೆ; ಕಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಹಾಗಾಗಿ ತಣ್ಣಗಿದ್ದಾಗ ಪಿಸ್ಟನ್ ಮೇಲಿನ ತುದಿ ಮುಟ್ಟುವಲ್ಲಿ ಸ್ಪಷ್ಟವಾದ ಬಿಗಿತ ಸಿಗಬೇಕು. ಅದು ಪೂರ್ತಿ ಮಾಯವಾಗಿದ್ದರೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬಾರದು, ಪಿಸ್ಟನ್-ಸ್ಲೀವ್ ಜೋಡಿಯನ್ನೇ ಬದಲಿಸಬೇಕು.

ಗಾಳಿ ಸೋರಿಕೆ ಮುಚ್ಚಿ

ಕಾರ್ಬುರೇಟರಿನ ಬುಡ ಮತ್ತು ಹಿಂಬದಿಯ ಬ್ಯಾಕ್‌ಪ್ಲೇಟ್ ಸುತ್ತ ಸೋಪಿನ ನೀರು ಹಚ್ಚಿ ಎಂಜಿನ್ ತಿರುಗಿಸಿದಾಗ ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ. ಬಿಚ್ಚಿ, ಒರೆಸಿ, ಬಿಸಿ ತಾಳುವ ಸಿಲಿಕೋನ್ ಅಂಟನ್ನು ತೆಳುವಾಗಿ ಸವರಿ ಮತ್ತೆ ಕೂರಿಸಿ. ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುವ ಎಂಜಿನ್‌ಗೆ ಬಹಳಷ್ಟು ಸಲ ಇಷ್ಟೇ ಮದ್ದು.

ಸೂಜಿಗಳ ಹೊಂದಾಣಿಕೆ

ಕಾರ್ಬುರೇಟರಿನಲ್ಲಿ ಹೆಚ್ಚು ವೇಗದ ಸೂಜಿ ಒಂದು, ಕಡಿಮೆ ವೇಗದ ಸೂಜಿ ಇನ್ನೊಂದು. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಡಕ್ಕೆ ಹೆಚ್ಚು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೊದಲನೆಯದನ್ನು ಒಮ್ಮೆಗೆ ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಮಾತ್ರ ಬಲಕ್ಕೆ ತಿರುಗಿಸುತ್ತ ಹೋಗಿ. ನೇರ ಓಟದಲ್ಲಿ ಪೂರ್ತಿ ವೇಗ ಸಿಕ್ಕಾಗಲೂ ಹಿಂದೆ ನೀಲಿ ಹೊಗೆಯ ತೆಳುಗೆರೆ ಉಳಿದಿರಬೇಕು. ಹೊಗೆಯೇ ಇಲ್ಲ ಎಂದರೆ ಎಣ್ಣೆಯೂ ಸಾಲುತ್ತಿಲ್ಲ ಎಂದರ್ಥ, ಏಕೆಂದರೆ ಈ ಎಂಜಿನ್‌ಗೆ ಎಣ್ಣೆ ಸಿಗುವುದು ಇಂಧನದ ಜತೆಗೇ.

ಎರಡನೆಯ ಸೂಜಿಗೆ ಹಳೆಯ ಉಪಾಯ ಸಾಕು: ಐಡ್ಲಿಂಗ್‌ನಲ್ಲಿ ಇಂಧನದ ಕೊಳವೆಯನ್ನು ಕಾರ್ಬುರೇಟರಿನ ಹತ್ತಿರ ಬೆರಳಿನಿಂದ ಹಿಚುಕಿ. ಮೂರು ನಾಲ್ಕು ಸೆಕೆಂಡು ಓಡಿ, ಕೊನೆಯಲ್ಲಿ ಸದ್ದು ತುಸು ಏರಿ ನಿಂತರೆ ಸರಿ. ತಕ್ಷಣ ನಿಂತರೆ ಇಂಧನ ಕಡಿಮೆ. ಬಹಳ ಹೊತ್ತು ಓಡಿದರೆ ಹೆಚ್ಚು.

ಒತ್ತಡ: 0.1 ಮಿ.ಮೀ. ಲೆಕ್ಕ

ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಕೆಳಗಿರುವ ತೆಳು ತಾಮ್ರದ ಬಳೆಗಳು, ಅಂದರೆ ಶಿಮ್‌ಗಳು, ಒತ್ತಡವನ್ನು ನಿರ್ಧರಿಸುತ್ತವೆ: ಶಿಮ್ ತೆಗೆದರೆ ಒತ್ತಡ ಹೆಚ್ಚು, ಸೇರಿಸಿದರೆ ಕಡಿಮೆ. ಪಿಸ್ಟನ್ ತುದಿ ಮುಟ್ಟಿದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಜಾಗವನ್ನು ಅಳೆಯಲು ಬೆಸುಗೆ ಹಾಕುವ ತಂತಿ ಸಾಕು. ಪ್ಲಗ್ ಬಿಚ್ಚಿ, ತಂತಿಯ ತುದಿ ಬಗ್ಗಿಸಿ, ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲಿ ಗೋಡೆಗೆ ತಾಗುವಂತೆ ಒಳಗಿಟ್ಟು ಫ್ಲೈವೀಲ್ ತಿರುಗಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 25% ನೈಟ್ರೋ ಹಾಕುವ 3.5 ಸಿಸಿ ಎಂಜಿನ್‌ಗೆ 0.5 ಮಿ.ಮೀ. ಆಸುಪಾಸು ಇರುವುದು ರೂಢಿ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ.

ನೈಟ್ರೋ ಕಡಿಮೆಯಾದರೆ ಒತ್ತಡ ಹೆಚ್ಚಿಸಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಫೆಬ್ರುವರಿಯಿಂದ 16%ಗಿಂತ ಹೆಚ್ಚು ನೈಟ್ರೋಮೀಥೇನ್ ಇರುವ ಇಂಧನ ಪರವಾನಗಿ ಇಲ್ಲದ ಸಾಮಾನ್ಯರಿಗೆ ಸಿಗುವುದಿಲ್ಲ. 25%ರಿಂದ 16%ಗೆ ಇಳಿದವರು 0.1 ಮಿ.ಮೀ. ಶಿಮ್ ಒಂದನ್ನು ತೆಗೆದು ಪ್ರಯತ್ನಿಸಬಹುದು, 30%ಗೆ ಏರಿದವರು ಒಂದನ್ನು ಸೇರಿಸಬೇಕು. ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಕೇಳಿಸಿದರೆ, ಪ್ಲಗ್‌ನ ಸುರುಳಿ ಮುದ್ದೆಯಾಗಿದ್ದರೆ ಒತ್ತಡ ಮಿತಿಮೀರಿದೆ. ತೆಗೆದ ಶಿಮ್ ಅನ್ನು ವಾಪಸು ಹಾಕಿ.

ಪೈಪ್

ಹೊರಹೋಗುವ ಅನಿಲದ ಒತ್ತಡದ ಅಲೆ ಪೈಪಿನ ಕೊನೆಯ ಕಿರಿದಾದ ಭಾಗಕ್ಕೆ ಬಡಿದು ಮರಳಿ, ಕಿಂಡಿ ಮುಚ್ಚುವ ಮೊದಲು ಹೊಸ ಇಂಧನವನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಎಂಜಿನ್ ಮತ್ತು ಪೈಪನ್ನು ಜೋಡಿಸುವ ಕೊಳವೆ, ಅಂದರೆ ಹೆಡರ್, ಉದ್ದವಾದರೆ ಬಲ ಕಡಿಮೆ ಸುತ್ತಿನಲ್ಲಿ ಸಿಗುತ್ತದೆ, ಗಿಡ್ಡವಾದರೆ ಹೆಚ್ಚು ಸುತ್ತಿನಲ್ಲಿ. ತಿರುವುಗಳೇ ತುಂಬಿದ ಮಣ್ಣಿನ ಟ್ರ್ಯಾಕಿನಲ್ಲಿ ಉದ್ದದ್ದೇ ಲೇಸು. ಕಿಂಡಿ ಕೊರೆಯುವುದಕ್ಕಿಂತ ಹೆಚ್ಚಿನ ಫಲ ಇಲ್ಲಿ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ, ಅದೂ ಹಿಂದಿರುಗಲಾಗದ ಅಪಾಯವಿಲ್ಲದೆ.

ಕೊನೆಗೆ ಲೋಹದ ಕೆಲಸ

ಸ್ಲೀವ್ ಹೊರತೆಗೆಯಲು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಎಂಜಿನ್ ದೇಹವನ್ನು ಬಿಸಿ ಗಾಳಿಯಿಂದ ಕಾಯಿಸಿ, ನಿಷ್ಕಾಸ ಕಿಂಡಿಯ ಮೂಲಕ ನೈಲಾನ್ ಕೇಬಲ್ ಟೈ ತೂರಿಸಿ ಫ್ಲೈವೀಲನ್ನು ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ನೇ ಅದನ್ನು ಮೇಲೆತ್ತುತ್ತದೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ.

ಧೈರ್ಯವಾಗಿ ಮಾಡಬಹುದಾದ ಕೆಲಸಗಳು ಕೆಲವೇ: ಎರಕದಲ್ಲಿ ಉಳಿದ ಚೂಪು ಅಂಚುಗಳನ್ನು ಒಳದಾರಿಗಳಲ್ಲಿ ಸವರುವುದು, ಆ ದಾರಿ ಸ್ಲೀವಿನ ಕಿಂಡಿಗೆ ಸರಿಯಾಗಿ ಕೂಡುವಂತೆ ಮಾಡುವುದು, ಕಾರ್ಬುರೇಟರಿನಿಂದ ಇಂಧನ ಒಳಬರುವ ಕ್ರ್ಯಾಂಕ್‌ಶಾಫ್ಟಿನ ಕಿಟಕಿಯ ಅಂಚನ್ನು ನಯವಾದ ಎಮರಿ ಕಾಗದದಿಂದ ಉಜ್ಜುವುದು. ಕಿಟಕಿಯನ್ನು ಅಗಲಿಸಬಾರದು.

ನಿಷ್ಕಾಸ ಕಿಂಡಿಯನ್ನು ಮೇಲಕ್ಕೆ ಎತ್ತರಿಸುವ ಆಸೆ ಇದ್ದರೆ ಒಂದು ಲೆಕ್ಕ ನೋಡಿ. ಈ ಗಾತ್ರದಲ್ಲಿ ಸಾಮಾನ್ಯವಾದ 16.8 ಮಿ.ಮೀ. ಸ್ಟ್ರೋಕಿನಲ್ಲಿ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸರಿಯುವ ದೂರ), ಕಿಂಡಿಯ ಮೇಲಂಚನ್ನು 0.15 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಕ್ರ್ಯಾಂಕ್‌ಶಾಫ್ಟಿನ ತಿರುವಿನ ಲೆಕ್ಕದಲ್ಲಿ ಸುಮಾರು 2 ಡಿಗ್ರಿ ಹೆಚ್ಚುತ್ತದೆ. ಅರ ಅರ್ಧ ಮಿ.ಮೀ. ಜಾರಿದರೆ 7 ಡಿಗ್ರಿಗೆ ಹತ್ತಿರ! ಅಷ್ಟಾದರೆ ಮೇಲಿನ ಸುತ್ತಿನಲ್ಲಿ ಕಿರಿಚುವ, ಕೆಳಗೆ ಸತ್ತಂತಿರುವ ಎಂಜಿನ್ ನಿಮ್ಮದಾಗುತ್ತದೆ. ಜತೆಗೆ ಒಳಗಿನಿಂದ ಉಜ್ಜಿದರೆ ಕ್ರೋಮ್ ಸಿಪ್ಪೆ ಏಳುತ್ತದೆ. ಇದನ್ನು ಕಲಿಯಬೇಕೆಂದರೆ ಸವೆದು ಬಿಸಾಡಿದ ಸ್ಲೀವ್ ಮೇಲೆ ಕಲಿಯಿರಿ.

ಜೋಡಿಸುವ ಮೊದಲು ಪ್ರತಿ ಭಾಗವನ್ನೂ ಇಂಧನದಲ್ಲೋ ಸ್ಪಿರಿಟ್‌ನಲ್ಲೋ ತೊಳೆಯಿರಿ, ಲೋಹದ ಪುಡಿ ಬೇರಿಂಗನ್ನು ತಿಂದುಹಾಕುತ್ತದೆ. ಸ್ಲೀವಿನ ಕಂಠದಲ್ಲಿರುವ ಕಚ್ಚು ದೇಹದ ಪಿನ್ನಿಗೆ ಕೂತಿದೆಯೇ ನೋಡಿ, ಹೆಡ್ಡಿನ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಸೂಜಿಯನ್ನು ಸ್ವಲ್ಪ ಸಡಿಲಿಸಿ, ಮೊದಲ ಟ್ಯಾಂಕನ್ನು ಹೆಚ್ಚು ಇಂಧನದಲ್ಲೇ ಓಡಿಸಿ ಮತ್ತೆ ಸ್ಟಾಪ್‌ವಾಚ್ ಹಿಡಿಯಿರಿ. ದಿನದ ಓಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ರಂಧ್ರಕ್ಕೆ ನಾಲ್ಕು ಹನಿ ಆಫ್ಟರ್-ರನ್ ಎಣ್ಣೆ ಬಿಟ್ಟು ಫ್ಲೈವೀಲನ್ನು ಕೆಲವು ಸುತ್ತು ತಿರುಗಿಸಿ, ಪಿಸ್ಟನ್ ಕೆಳಗಿರುವಂತೆ ನಿಲ್ಲಿಸಿ. ಮೇಲೆ ಬಿಗಿಯಾಗಿ ಕಚ್ಚಿಕೊಂಡು ಆರಿದ ಪಿಸ್ಟನ್ ಮರುದಿನ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ.