ರೈಫಲ್ ಕೊಳ್ಳುವ ಮುನ್ನ ನಳಿಗೆಯ ವಜ್ಜೆ ನೋಡಿ

ಆಳಂದ ಕಡೆಯ ಪರಿಚಯದ ರೈತರೊಬ್ಬರು ಕಲಬುರಗಿಗೆ ಬಂದಾಗ ನಮ್ಮ ಮನೆಗೂ ಬಂದರು. ಅವರದು ಹೊಲದಲ್ಲೇ ಮನೆ. ಸುತ್ತ ತೊಗರಿ, ಕರೆದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆ ಇಲ್ಲ. ಒಮ್ಮೆ ರಾತ್ರಿ ಕಳ್ಳರು ಬಂದು ಹೋದ ಮೇಲೆ ಲೈಸೆನ್ಸ್‌ಗೆ ಓಡಾಡಿದ್ದರು. ಅದು ಕೈಗೆ ಬಂದಿತ್ತು. ಅಂಗಡಿಯಲ್ಲಿ ಎರಡು ರೈಫಲ್ ನೋಡಿ ಬಂದಿದ್ದರು. "ಕಾಕಾ, ನಳಿಗಿ ವಜ್ಜೆ ಇದ್ದಷ್ಟು ಬಂದೂಕು ಗಟ್ಟಿ ಅಲ್ಲೇನ್ರಿ?" ಅಂತ ಕೇಳಿದರು.

ಸೇನೆಯಲ್ಲಿ ಇದ್ದು ಬಂದವನು ನಾನು. ಈಗ ಬ್ಯಾಂಕಿನ ಬಾಗಿಲಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಹಿಡಿದು ನಿಲ್ಲುತ್ತೇನೆ. ಈ ಪ್ರಶ್ನೆ ನನಗೆ ಬಹಳ ಜನ ಕೇಳಿದ್ದಾರೆ. ಅಂಗಡಿಯಲ್ಲಿ ಅರ್ಧ ನಿಮಿಷ ಎತ್ತಿ ನೋಡಿ, ಭಾರ ಇದೆ ಅಂತ ಖುಷಿಪಟ್ಟು ಮನೆಗೆ ತಂದು, ಆಮೇಲೆ ಪಶ್ಚಾತ್ತಾಪ ಪಟ್ಟವರೂ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇರಲಿ. ರಕ್ಷಣೆಯ ಬಂದೂಕನ್ನು ಹಿಡಿದು ನಿಲ್ಲುವುದೇ ಜಾಸ್ತಿ, ಹೊಡೆಯುವುದು ತೀರಾ ಕಡಿಮೆ. ಬಹಳ ಸಲ ಹೊಡೆಯುವ ಪ್ರಸಂಗವೇ ಬರುವುದಿಲ್ಲ, ಬರಲೂ ಬಾರದು. ಹೀಗಾಗಿ ಹಿಡಿದು ನಿಲ್ಲಲು ಆಗುತ್ತದೋ ಇಲ್ಲವೋ ಅಂತ ನೋಡಿ ಆರಿಸಿ.

ಭಾರದ ನಳಿಗೆ ಯಾಕೆ ಮಾಡುತ್ತಾರೆ?

ಗುಂಡು ಹಾರಿದಾಗಲೆಲ್ಲ ನಳಿಗೆ ಕಾದು ಬಿಸಿಯಾಗುತ್ತದೆ. ಕಾದ ನಳಿಗೆ ಕೂದಲೆಳೆಯಷ್ಟು ಬಾಗಿದರೂ ಗುರಿ ಸರಿಯುತ್ತದೆ. ದಪ್ಪ ನಳಿಗೆಯಲ್ಲಿ ಉಕ್ಕು ಜಾಸ್ತಿ, ಅದಕ್ಕೆ ನಿಧಾನ ಕಾಯುತ್ತದೆ, ಕಂಪನವೂ ಕಡಿಮೆ. ಸೇನೆಯ ಇನ್ಸಾಸ್ ರೈಫಲ್‌ಗೂ ಇನ್ಸಾಸ್ ಎಲ್‌ಎಂಜಿಗೂ (ಲೈಟ್ ಮಷೀನ್ ಗನ್) ಗುಂಡು ಒಂದೇ, 5.56 ಮಿ.ಮೀ. ಆದರೆ ಎಲ್‌ಎಂಜಿ ಬಿಡದೆ ಹೊಡೆಯಬೇಕು, ಹಾಗಾಗಿ ಅದಕ್ಕೆ ಭಾರದ, ಉದ್ದನೆಯ ನಳಿಗೆ ಕೊಟ್ಟಿದ್ದಾರೆ. ಬೆಂಚಿನ ಮೇಲೆ ಇಟ್ಟು ಗುರಿ ಹೊಡೆಯುವ ಸ್ಪರ್ಧೆಯವರಿಗೂ ಅದೇ ಬೇಕು. ತೋಟದ ಮನೆ ಕಾಯುವವರು ಹೊಡೆಯುವುದೇ ಅಪರೂಪ, ಅವರಿಗೆ ನಳಿಗೆ ಬಿಸಿಯಾಗುವ ಚಿಂತೆಯೇ ಇಲ್ಲ.

ಇನ್ನು ತೆಳು ನಳಿಗೆ ಸಿಡಿಯುತ್ತದೆ ಅನ್ನುವ ಭಯ. ಒತ್ತಡ ಅತಿ ಜಾಸ್ತಿ ಇರುವುದು ತೋಟಾ (ಮದ್ದು ತುಂಬಿದ ಗುಂಡು) ಕೂರುವ ಜಾಗದಲ್ಲಿ. ಒಳ್ಳೆಯ ಕಾರ್ಖಾನೆಯ ರೈಫಲ್ ಹಗುರವಾಗಿದ್ದರೂ ಅಲ್ಲಿ ದಪ್ಪವಾಗಿಯೇ ಇರುತ್ತದೆ. ಮುಂದಕ್ಕೆ ಹೋದಂತೆ ಸಣ್ಣಗಾಗುತ್ತದೆ, ಅಷ್ಟೇ. ಹಗುರ ಅಂದರೆ ಸೊರಗಿದ್ದು ಅಂತ ಅಲ್ಲ.

ಮನೆಯಲ್ಲೇ ಬಡಿಗೆ ಹಿಡಿದು ನೋಡಿ

ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ. ಮೂರು ಅಡಿಯ ಬಡಿಗೆ ತಗೊಳ್ಳಿ. ಅರ್ಧ ಕಿಲೋ ತೊಗರಿ ಬೇಳೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ. ಬಡಿಗೆಯ ಒಂದು ತುದಿ ಹಿಡಿದು, ಕೈಯಿಂದ ಒಂದು ಗೇಣು ದೂರದಲ್ಲಿ ಗಂಟನ್ನು ಬಿಗಿದು ಬಡಿಗೆಯನ್ನು ಅಡ್ಡ ಎತ್ತಿ. ಏನೂ ಅನಿಸುವುದಿಲ್ಲ. ಈಗ ಅದೇ ಗಂಟನ್ನು ಮೂರು ಗೇಣು ದೂರಕ್ಕೆ ಸರಿಸಿ ಎತ್ತಿ. ಮಣಿಕಟ್ಟು ನಡುಗುತ್ತದೆ. ಬೇಳೆ ಅಷ್ಟೇ ಇದೆ, ತೂಕ ಬದಲಾಗಿಲ್ಲ. ಗಂಟನ್ನು ತಡೆದು ಹಿಡಿಯಲು ಬೇಕಾದ ಶ್ರಮ ಮಾತ್ರ ಮೂರು ಪಟ್ಟಾಗಿದೆ. ಅದನ್ನು ಎಡಕ್ಕೆ ಬಲಕ್ಕೆ ಫಟ್ಟನೆ ತಿರುಗಿಸಿ ನಿಲ್ಲಿಸಲು ಒಂಬತ್ತು ಪಟ್ಟು ಬೇಕು.

ಹಾಗಾಗಿ "ಒಟ್ಟು ಎಷ್ಟು ಕಿಲೋ" ಅಂತ ಮಾತ್ರ ಕೇಳಿ ಬಂದರೆ ಸಾಲದು. ವಜ್ಜೆ ಎಲ್ಲಿ ಕೂತಿದೆ ಅಂತ ನೋಡಬೇಕು. ಸ್ವಲ್ಪ ಲೆಕ್ಕ ಹೇಳುತ್ತೇನೆ. 24 ಇಂಚು ಉದ್ದದ ಎರಡು ನಳಿಗೆ ಇವೆ ಅಂದುಕೊಳ್ಳಿ. ಒಂದರ ಹೊರಗಿನ ವ್ಯಾಸ 18 ಮಿ.ಮೀ., ಇನ್ನೊಂದರದು 23. ನೋಡಲು ಐದೇ ಮಿಲಿಮೀಟರ್ ವ್ಯತ್ಯಾಸ. ಉಕ್ಕಿನ ತೂಕದಲ್ಲಿ ಸುಮಾರು 770 ಗ್ರಾಂ ಜಾಸ್ತಿ! ಅದರಲ್ಲಿ ಬಹುಪಾಲು ನಿಮ್ಮ ಎಡಗೈಯಿಂದ ಮುಂದೆ ಇರುತ್ತದೆ.

ಅಂಗಡಿಯಲ್ಲಿ

ಯಾರೇ ಬಂದೂಕು ಕೊಟ್ಟರೂ, "ಖಾಲಿ ಐತ್ರಿ" ಅಂದರೂ, ನೀವೇ ನೋಡಿ. ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ತೆಗೆಯಿರಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಹಿಂದಕ್ಕೆ ಎಳೆಯಿರಿ, ತೋಟಾ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ. ಕಣ್ಣು ತಪ್ಪಬಹುದು, ಬೆರಳು ತಪ್ಪುವುದಿಲ್ಲ. ಈ ಅಭ್ಯಾಸ ಇಲ್ಲದವರು ದಯವಿಟ್ಟು ಬಂದೂಕು ಕೊಳ್ಳಬೇಡಿ.

ಆಮೇಲೆ ಎರಡು ಬೆರಳ ಮೇಲೆ ಅಡ್ಡ ಇಟ್ಟು ತಕ್ಕಡಿಯ ಹಾಗೆ ತೂಗಿ. ಬೋಲ್ಟ್ ರೈಫಲ್ ಆದರೆ ಮ್ಯಾಗಜೀನ್‌ನ ಮುಂಭಾಗದ ಹತ್ತಿರ ಸಮ ನಿಂತರೆ ಚಲೋ. ಜೋಡುನಳಿಗೆ ಆದರೆ ಮಡಿಚುವ ಕೀಲಿನ ಹತ್ತಿರ. ಅದಕ್ಕಿಂತ ಎರಡು ಮೂರು ಇಂಚು ಮುಂದೆ ಹೋಯಿತು ಅಂದರೆ ಮೂತಿ ಭಾರ ಅಂತ ತಿಳಿಯಿರಿ.

ಈಗ ಭುಜಕ್ಕೆ ಇಟ್ಟು, ಅಂಗಡಿಯವರು ತೋರಿಸಿದ ಖಾಲಿ ಗೋಡೆಯ ಕಡೆ ಮುಖ ಮಾಡಿ, ಬೆರಳು ಟ್ರಿಗರ್‌ನಿಂದ ಹೊರಗಿಟ್ಟು ಮೂರು ನಿಮಿಷ ನಿಲ್ಲಿ. ಗಡಿಯಾರ ನೋಡಿ ಪೂರ್ತಿ ಮೂರು ನಿಮಿಷ. ಅಂಗಡಿಯವರು ಬೇಸರ ಮಾಡಿಕೊಂಡರೂ ಬಿಡಬೇಡಿ. ನಮ್ಮ ರೈತರ ಜೊತೆ ನಾನೇ ಹೋಗಿದ್ದೆ. ದಪ್ಪ ನಳಿಗೆಯದು ಮೊದಲ ನಿಮಿಷ ಬಂಡೆಯ ಹಾಗೆ ನಿಂತಿತ್ತು. ಎರಡನೆಯದರಲ್ಲಿ ಅವರು ಸೊಂಟ ಹಿಂದಕ್ಕೆ ಬಾಗಿಸಿದರು. ಆಮೇಲೆ ಮೊಣಕೈ ಪಕ್ಕೆಗೆ ಒತ್ತಿಕೊಂಡರು. ಮೂರು ಮುಗಿಯುವಷ್ಟರಲ್ಲಿ ಮೂತಿ ನೆಲದ ಕಡೆ ಇಳಿದಿತ್ತು. ಹಗುರದ್ದು ಶುರುವಿನಲ್ಲಿ ಸ್ವಲ್ಪ ಅಲುಗಾಡಿತು, ಆದರೆ ಕೊನೆವರೆಗೂ ಅಲ್ಲೇ ನಿಂತಿತು.

ಬಾಗಿಲು ದಾಟಿ ಒಳಗೆ ಹೊರಗೆ ಹೋಗಿ ನೋಡುವುದೂ ಒಳ್ಳೆಯದು. ನಮ್ಮ ಹಳೆಯ ಕಲ್ಲಿನ ಮನೆಗಳ ಬಾಗಿಲು ಗಿಡ್ಡ, ಒಳಗೆ ತಿರುವು ಜಾಸ್ತಿ. ಕಲಬುರಗಿ ಕೋಟೆಯ ಬಾರಾ ಗಜಿ ತೋಪು (ಫಿರಂಗಿ) ಸುಮಾರು 29 ಅಡಿ ಉದ್ದ, ಅದು ಬುರುಜಿನ ಮೇಲೆ ಚೆಂದ. ಮನೆಯೊಳಗೆ ಉದ್ದವೂ ಭಾರವೂ ಎರಡೂ ಕೈ ಕಟ್ಟುತ್ತವೆ.

ಹಗುರದ ತೊಂದರೆಯನ್ನೂ ಹೇಳಿಬಿಡುತ್ತೇನೆ. ಬಂದೂಕು ಹಗುರ ಆದಷ್ಟೂ ಭುಜಕ್ಕೆ ಜೋರಾಗಿ ಒದೆಯುತ್ತದೆ. ಅದೇ ತೋಟಾಗೆ ಬಂದೂಕಿನ ತೂಕ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಒದೆತವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಇಳಿಯುತ್ತದೆ. .315 ರೈಫಲ್ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವರಿಗೆ ತೀರಾ ಹಗುರದ್ದು ಬೇಡ. ಅವರಿಗೆ ಮಧ್ಯಮ ನಳಿಗೆ, ಬಟ್‌ಗೆ (ಭುಜಕ್ಕೆ ಒತ್ತುವ ತುದಿಗೆ) ರಬ್ಬರ್ ಪ್ಯಾಡ್ ಸರಿ. ಬೇರೆಯವರೂ ಹಗುರ ಇಲ್ಲವೇ ಮಧ್ಯಮದಲ್ಲೇ ಆರಿಸಿ ಅನ್ನುತ್ತೇನೆ. ದಪ್ಪ ನಳಿಗೆ ಬೇಡವೇ ಬೇಡ.

ಕೊಂಡ ಮೇಲೆ ಮೂತಿಯ ಹತ್ತಿರ ದೊಡ್ಡ ಬ್ಯಾಟರಿ (ಟಾರ್ಚ್), ನೆಲಕ್ಕೆ ಊರುವ ಕಬ್ಬಿಣದ ಕಾಲು ಅಂತ ಕಟ್ಟಬೇಡಿ. ತಪ್ಪಿಸಿದ ವಜ್ಜೆಯನ್ನು ಮತ್ತೆ ಅದೇ ಜಾಗಕ್ಕೆ ತಂದ ಹಾಗಾಗುತ್ತದೆ. ಭಾರ ಆಯಿತು ಅಂತ ನಳಿಗೆ ಕೊಯ್ಯಿಸಲಂತೂ ಹೋಗಲೇಬೇಡಿ. ಅನುಮತಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ.

ರೈಫಲ್ಲೇ ಬೇಕಾ?

ಇದನ್ನು ಮನೆಯವರ ಜೊತೆ ಕೂತು ಯೋಚಿಸಿ. ನಮ್ಮದು ಬಯಲು ಸೀಮೆ. ಗುರಿ ತಪ್ಪಿದ ಗುಂಡನ್ನು ತಡೆಯಲು ಹಿಂದೆ ಗುಡ್ಡ ಇಲ್ಲ. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ತೊಗರಿ ಎದೆ ಮಟ್ಟಕ್ಕೆ ಬೆಳೆದು ನಿಂತಾಗ ಆಚೆ ಯಾರು ರಾಶಿ ಕಾಯುತ್ತ ಮಲಗಿದ್ದಾರೆ ಅಂತ ಕಾಣುವುದಿಲ್ಲ. ಹನ್ನೆರಡು ಬೋರಿನ ಛರ್ರೆ (ಸಣ್ಣ ಸೀಸದ ಗುಂಡುಗಳು) ಬಹಳ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಹೊಲದ ಮನೆಗೆ ನನ್ನ ಒಲವು ಅದರ ಕಡೆಗೇ. ಅದಕ್ಕೂ ಮೇಲೆ ಹೇಳಿದ ಪರೀಕ್ಷೆಗಳೇ ಸಾಕು.

ಆತ್ಮರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಪಟ್ಟಿಯಲ್ಲಿದೆ, ಕೃಷ್ಣಮೃಗ 1ನೇ ಪಟ್ಟಿಯಲ್ಲಿ. ಬೆಳೆ ತಿಂದವು ಅಂತ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಮನುಷ್ಯರ ವಿಷಯದಲ್ಲೂ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ.

ಮನೆಗೆ ತಂದ ಮೇಲೆ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಬೀಗದ ಕೈ ಮಕ್ಕಳಿಗೆ ಗೊತ್ತಿರುವ ಜಾಗದಲ್ಲಿ ಬೇಡ. ಮೇ ತಿಂಗಳ ಬಿಸಿಲಲ್ಲಿ ಜೀಪಿನಲ್ಲಿ ಬಿಟ್ಟು ಬರಬೇಡಿ, ನಳಿಗೆ ಮುಟ್ಟಿದರೆ ಕೈ ಸುಡುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನ ಕೈಯಲ್ಲಿ ಹಿಡಿದಿದ್ದರೆ ಅವತ್ತೇ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಲು ಹೇಳುತ್ತಾರೆ. ರಸೀದಿ ಜೋಪಾನ ಮಾಡಿ. ವಾಪಸ್ ತಂದ ದಿನ ಬೋಲ್ಟ್ ತೆಗೆದಿಟ್ಟು, ಹಿಂದಿನಿಂದ ಬೆಳಕಿನ ಕಡೆ ಹಿಡಿದು ನಳಿಗೆಯೊಳಗೆ ನೋಡಿ. ಕೆಂಪು ಚುಕ್ಕೆ ಕಂಡರೆ ತುಕ್ಕು ಶುರುವಾಗಿದೆ, ಮೊದಲು ಅದನ್ನು ತೆಗೆಸಿ.