ಬೇಡಿಕೆ–ಪೂರೈಕೆ ಲೆಕ್ಕ: ಬಿಡಿಸುವುದು ಹೇಗೆ, ತಾಳೆ ನೋಡುವುದು ಹೇಗೆ

ಆರಂಭದ ಅರ್ಥಶಾಸ್ತ್ರದ ಹೋಮ್‌ವರ್ಕಿಗೆ ಹೈಸ್ಕೂಲಿನ ಬೀಜಗಣಿತ ಧಾರಾಳವಾಗಿ ಸಾಕು. ಆದರೂ ಉತ್ತರ ತಪ್ಪುತ್ತದೆ. ಕೂಡಿ ಕಳೆಯುವಾಗ ಆಗುವ ತಪ್ಪು ಕಡಿಮೆ, ಮಾತಿನಲ್ಲಿ ಕೊಟ್ಟದ್ದನ್ನು ಸಮೀಕರಣಕ್ಕೆ ಇಳಿಸುವಾಗ ಆಗುವುದೇ ಹೆಚ್ಚು. ಒಂದೇ ಲೆಕ್ಕವನ್ನು ಹಿಡಿದು ನೋಡೋಣ.

ಬೆಲೆಯನ್ನು ‘ಬೆ’ ಎಂದು ಬರೆದುಕೊಳ್ಳಿ. ಕೊಟ್ಟದ್ದು ಇಷ್ಟು:

ಬೇಡಿಕೆ = 100 − 2ಬೆ
ಪೂರೈಕೆ = 10 + 4ಬೆ

ಮೊದಲ ಪ್ರಶ್ನೆ ಸಮತೋಲನ ಬೆಲೆ, ಅಂದರೆ ಬೇಡಿಕೆಯೂ ಪೂರೈಕೆಯೂ ಸಮವಾಗುವ ಬೆಲೆ. ಎರಡನ್ನೂ ಸಮ ಮಾಡಿ: 100 − 2ಬೆ = 10 + 4ಬೆ. ಬೆ ಇರುವ ಪದಗಳನ್ನು ಒಂದು ಕಡೆ ತಂದರೆ 90 = 6ಬೆ, ಅಂದರೆ ಬೆಲೆ 15. ಇಲ್ಲಿಗೇ ನಿಲ್ಲಿಸಬೇಡಿ, ಪ್ರಮಾಣವೂ ಬೇಕು. 15ನ್ನು ಎರಡೂ ಸಮೀಕರಣಗಳಲ್ಲಿ ಹಾಕಿ. ಬೇಡಿಕೆ 70, ಪೂರೈಕೆಯೂ 70. ಒಂದರಲ್ಲಿ ಮಾತ್ರ ಹಾಕಿ ನೋಡಿದರೆ ಅದು ತಾಳೆ ಅಲ್ಲ.

ಮುಂದಿನದು ತೊಡಕಿನದು: ಪ್ರತಿ ಘಟಕಕ್ಕೆ 6ರಂತೆ ಮಾರುವವರ ಮೇಲೆ ತೆರಿಗೆ ಬಿದ್ದರೆ ಹೊಸ ಬೆಲೆ ಎಷ್ಟು? ‘15 + 6 = 21’ ಎಂದು ಬರೆದುಬಿಡುವವರೇ ಬಹಳ. ಬೆಲೆ 21 ಆದರೆ ಬೇಡಿಕೆ 58ಕ್ಕೆ ಇಳಿಯುತ್ತದೆ. ಮಾರುವವರಿಗೆ ಕೈಗೆ 15 ಸಿಗುವುದರಿಂದ ಅವರು 70 ತರುತ್ತಾರೆ. 12 ಘಟಕ ಮಾರಾಟವಾಗದೆ ಉಳಿಯುತ್ತದೆ. ಅದು ಸಮತೋಲನವಲ್ಲ.

ಸರಿಯಾದ ದಾರಿ ಹೀಗಿದೆ. ಕೊಳ್ಳುವವರು ಕೊಡುವುದು ಬೆ, ಮಾರುವವರ ಕೈಗೆ ಉಳಿಯುವುದು ಬೆ − 6. ಆದ್ದರಿಂದ ಪೂರೈಕೆ = 10 + 4(ಬೆ − 6) = 4ಬೆ − 14. ಇದನ್ನು ಬೇಡಿಕೆಗೆ ಸಮ ಮಾಡಿದರೆ 114 = 6ಬೆ. ಬೆಲೆ 19, ಪ್ರಮಾಣ 62, ಮಾರುವವರಿಗೆ ದಕ್ಕುವುದು 13. ಅಂದರೆ 6ರಲ್ಲಿ 4 ಕೊಳ್ಳುವವರ ಮೇಲೆ, 2 ಮಾರುವವರ ಮೇಲೆ. ಬೆಲೆ ಬದಲಾದಾಗ ಕಡಿಮೆ ಕದಲುವ ಕಡೆಗೇ ಹೆಚ್ಚು ಹೊರೆ. ಇಲ್ಲಿ ಬೆಲೆಯನ್ನು ಗುಣಿಸುವ ಅಂಕಿ ಬೇಡಿಕೆಯಲ್ಲಿ 2, ಪೂರೈಕೆಯಲ್ಲಿ 4, ಆದ್ದರಿಂದ ಕಡಿಮೆ ಕದಲುವುದು ಬೇಡಿಕೆ.

ಆವರಣ ಬಿಡಿಸುವಾಗ 4(ಬೆ − 6)ನ್ನು 4ಬೆ − 6 ಎಂದು ಬರೆಯುವುದು ಹಳೆಯ ಕಾಯಿಲೆ. ಹಾಗೆ ಬರೆದರೆ ಪೂರೈಕೆ 4 + 4ಬೆ, ಬೆಲೆ 16 ಬರುತ್ತದೆ. ಆ ತಪ್ಪು ಸಾಲಿನಲ್ಲೇ 16 ಹಾಕಿದರೆ ಎರಡೂ ಕಡೆ 68 ಬಂದು ಎಲ್ಲ ಸರಿ ಎನಿಸುತ್ತದೆ! ಪ್ರಶ್ನೆಯಲ್ಲಿ ಕೊಟ್ಟ ಮೂಲ ಪೂರೈಕೆಗೇ ಹಿಂತಿರುಗಿ: ಮಾರುವವರಿಗೆ ಸಿಗುವುದು 10, ಪೂರೈಕೆ 50. ಬೇಡಿಕೆ 68. ತಪ್ಪು ಸಿಕ್ಕಿತು. ತಾಳೆ ನೋಡುವುದು ಯಾವಾಗಲೂ ಪ್ರಶ್ನೆಯ ಸಾಲಿನಲ್ಲಿ, ನೀವು ಬರೆದುಕೊಂಡ ಸಾಲಿನಲ್ಲಲ್ಲ.

ರೇಖಾಚಿತ್ರದಲ್ಲಿ ಬೆಲೆ ಲಂಬ ಅಕ್ಷಕ್ಕೆ, ಪ್ರಮಾಣ ಅಡ್ಡ ಅಕ್ಷಕ್ಕೆ. ಸಮೀಕರಣದಲ್ಲಿ −2 ಇದ್ದರೂ ಚಿತ್ರದಲ್ಲಿ ಬೇಡಿಕೆ ರೇಖೆಯ ಇಳಿಜಾರು −1/2. ಬೆಲೆಯ ಅಕ್ಷದಲ್ಲಿ 50, ಪ್ರಮಾಣದ ಅಕ್ಷದಲ್ಲಿ 100, ಈ ಎರಡು ಬಿಂದು ಸೇರಿಸಿದರೆ ಮುಗಿಯಿತು.

ಇನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವ: ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸುವುದು. ಬೆಲೆ 20ರಿಂದ 25ಕ್ಕೆ ಏರಿದರೆ ಶೇ 25 ಹೆಚ್ಚಳ. ಬೇಡಿಕೆ 60ರಿಂದ 50ಕ್ಕೆ, ಶೇ 16.7 ಇಳಿಕೆ. ಉತ್ತರ −0.67. ಅದೇ ಬೆಲೆ 25ರಿಂದ 20ಕ್ಕೆ ಇಳಿದರೆ ಎರಡೂ ಬದಲಾವಣೆ ಶೇ 20, ಉತ್ತರ −1. ಬಿಂದುಗಳು ಅವೇ, ಭಾಗಿಸಿದ ಮೂಲ ಸಂಖ್ಯೆ ಬೇರೆ. ಮಧ್ಯಬಿಂದು ವಿಧಾನ ಹುಟ್ಟಿದ್ದೇ ಈ ತಕರಾರು ತೀರಿಸಲು: 10ನ್ನು ಸರಾಸರಿ ಪ್ರಮಾಣ 55ರಿಂದ, 5ನ್ನು ಸರಾಸರಿ ಬೆಲೆ 22.5ರಿಂದ ಭಾಗಿಸಿ. ಏರಿದರೂ ಇಳಿದರೂ −0.82 ಬರುತ್ತದೆ. ಪ್ರಶ್ನೆ ಯಾವ ವಿಧಾನ ಕೇಳಿದೆ ಎಂದು ಮೊದಲೇ ಓದಿಕೊಳ್ಳಿ. ಹೇಳಿಲ್ಲದಿದ್ದರೆ ಬಳಸಿದ ವಿಧಾನದ ಹೆಸರನ್ನು ಉತ್ತರದ ಪಕ್ಕ ಬರೆಯಿರಿ.