ಮನೆ ಕಾರಿಗೆ ಅಲಾರಂ, ರಿಮೋಟ್ ಸ್ಟಾರ್ಟ್: ನಾನೇ ಕೂರಿಸಿದ್ದು ಹೀಗೆ

ಕಳ್ಳರ ಅಲಾರಂ, ದೂರದಿಂದಲೇ ಎಂಜಿನ್ ಹೊತ್ತಿಸುವ ರಿಮೋಟ್ ಸ್ಟಾರ್ಟ್ ಎರಡೂ ಇರುವ ಕಿಟ್ ಕೂರಿಸಲು, ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಎರಡು ಶನಿವಾರ ಕಳೆದೆ. ವೈರ್ ಸೇರಿಸಲು ಹಿಡಿದದ್ದು ಮೂರು ಗಂಟೆ ಇರಬಹುದು. ಮಿಕ್ಕ ಹೊತ್ತೆಲ್ಲ ಯಾವ ವೈರ್ ಯಾವುದು ಅಂತ ಹುಡುಕಿದ್ದೇ.

ನಮ್ಮದು ಕೀ ತಿರುಗಿಸುವ, ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಗಾಡಿ. ಪುಷ್ ಬಟನ್ ಗಾಡಿಯ ವೈರಿಂಗೇ ಬೇರೆ, ಇಲ್ಲಿ ಹೇಳುವ ವಿಧಾನ ಅದಕ್ಕೆ ಹೊಂದುವುದಿಲ್ಲ. ಮ್ಯಾನುಯಲ್ ಗೇರಾದರೆ ಅಲಾರಂ ಒಂದೇ ಸಾಕು, ರಿಮೋಟ್ ಸ್ಟಾರ್ಟ್ ಬೇಡ. ನಾಲ್ಕು ಜನ ಓಡಿಸುವ ಗಾಡಿ ಅಲ್ವಾ, ಯಾರೋ ಒಬ್ಬರು ಗೇರಿನಲ್ಲೇ ಬಿಟ್ಟು ಇಳಿದಿರುತ್ತಾರೆ. ನೀವು ಮನೆಯೊಳಗಿಂದ ರಿಮೋಟ್ ಬಟನ್ ಒತ್ತಿದರೆ ಗಾಡಿ ಮುಂದಕ್ಕೆ ಜಿಗಿಯುತ್ತೆ.

ವೈರ್ ಹುಡುಕಲು ಡಿಜಿಟಲ್ ಮಲ್ಟಿಮೀಟರ್ ಬೇಕು. ಬಲ್ಬಿನ ಟೆಸ್ಟ್ ಲ್ಯಾಂಪ್ ಬೇಡ, ಅದು ಎಳೆಯುವ ಕರೆಂಟಿಗೆ ಗಾಡಿಯ ಕಂಪ್ಯೂಟರ್ ಕೆಡಬಹುದು, ಏರ್‌ಬ್ಯಾಗ್ ಕೂಡ ಸಿಡಿಯಬಹುದು. ಏರ್‌ಬ್ಯಾಗ್ ವೈರುಗಳಿಗೆ ಸಾಮಾನ್ಯವಾಗಿ ಹಳದಿ ಕವಚ ಇರುತ್ತೆ. ಅವುಗಳ ತಂಟೆಗೇ ಹೋಗಬೇಡಿ.

ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಹಿಂದೆ ದಪ್ಪ ವೈರುಗಳ ಗೊಂಚಲು ಸಿಗುತ್ತೆ. ಕೀ ತೆಗೆದಿದ್ದರೂ 12 ವೋಲ್ಟ್ ತೋರಿಸಿದರೆ ಅದು ಬ್ಯಾಟರಿಯಿಂದ ನೇರ ಬಂದದ್ದು. ಕೀ ಆನ್ ಮಾಡಿದಾಗ ಬಂದು, ಸೆಲ್ಫ್ ಹೊಡೆಯುವಾಗಲೂ ಉಳಿದರೆ ಇಗ್ನಿಷನ್. ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬಿದ್ದು ಆಮೇಲೆ ಮರಳಿದರೆ ಅದು ರೇಡಿಯೋ, ಬ್ಲೋವರಿನದ್ದು. ಸೆಲ್ಫ್ ಹೊಡೆಯುವಾಗ ಮಾತ್ರ ಬಂದರೆ ಸ್ಟಾರ್ಟರಿನದ್ದು. ಕೆಲವು ಗಾಡಿಗಳಲ್ಲಿ ಇಗ್ನಿಷನ್ ವೈರೇ ಎರಡು ಇರುತ್ತೆ, ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ. ಪ್ರತಿಯೊಂದಕ್ಕೂ ಕಾಗದದ ಚೀಟಿ ಅಂಟಿಸಿ. ಬಣ್ಣ ನೆನಪಿರುತ್ತೆ ಅಂದುಕೊಂಡಿದ್ದೆ, ಊಟ ಮಾಡಿ ಬರುವಷ್ಟರಲ್ಲಿ ಮರೆತಿದ್ದೆ.

ನನಗೆ ಅರ್ಧ ದಿನ ತಿಂದದ್ದು ಬ್ರೇಕ್ ವೈರ್. ಬ್ರೇಕ್ ತುಳಿದರೆ ರಿಮೋಟಿನಿಂದ ಸ್ಟಾರ್ಟ್ ಆದ ಎಂಜಿನ್ ನಿಲ್ಲಬೇಕು, ಅದಕ್ಕೆ ಈ ವೈರ್. ಪೆಡಲ್ ಮೇಲಿನ ಸ್ವಿಚ್ಚಿಗೆ ಒಂದು ಕಡೆ ಯಾವಾಗಲೂ ಕರೆಂಟ್, ಇನ್ನೊಂದು ಕಡೆ ತುಳಿದಾಗ ಮಾತ್ರ. ನಾನು ಮೊದಲನೆಯದಕ್ಕೆ ಸೇರಿಸಿಬಿಟ್ಟೆ. ಯಾರೋ ಸದಾ ಬ್ರೇಕ್ ತುಳಿದಿದ್ದಾರೆ ಅಂತ ತಿಳಿದು ಯೂನಿಟ್ ಸ್ಟಾರ್ಟ್ ಮಾಡಲೇ ಇಲ್ಲ. ಸಿಟ್ಟಿನಲ್ಲಿ ಡಬ್ಬಿಯೇ ಹಾಳು ಅಂತ ಬೈದದ್ದೂ ಆಯಿತು.

ಹುಡುಕಿ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ವೈರ್ ಸೇರಿಸಿ. ಸುಲಿದು, ಸುತ್ತಿ, ಸೋಲ್ಡರ್ ಮಾಡಿ, ಟೇಪ್ ಸುತ್ತಿ. ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪು ದಿನ ಕಳೆದಂತೆ ಸಡಿಲವಾಗುತ್ತೆ, ದಪ್ಪ ವೈರಿಗಂತೂ ಬೇಡವೇ ಬೇಡ. ಅರ್ತ್ ವೈರನ್ನು ಬಾಡಿಯ ತಗಡಿಗೆ, ಬಣ್ಣ ಕೆರೆದು ಬಿಗಿಯಾಗಿ ಕೂರಿಸಿ. ಕಿಟ್ಟಿನ ಫ್ಯೂಸ್ ಒಂದನ್ನೂ ಬಿಡಬೇಡಿ.

ಈಗಿನ ಕೀಲಿಗಳ ಒಳಗೆ ಚಿಪ್ ಇರುತ್ತೆ. ಗಾಡಿಗೆ ಅದು ಕಾಣದಿದ್ದರೆ ಎಂಜಿನ್ ಹೊತ್ತಿ ಆರುತ್ತೆ, ಇಲ್ಲವೇ ಸೆಲ್ಫೇ ಹೊಡೆಯಲ್ಲ. ಅದಕ್ಕೆ, ಚಿಪ್ ಇದೆ ಅಂತ ಗಾಡಿಯನ್ನು ನಂಬಿಸುವ ಬೈಪಾಸ್ ಮಾಡ್ಯೂಲ್ ಬೇಕು. ಇನ್ನೊಂದು ಕೀಲಿಯನ್ನು ಒಳಗೇ ಬಚ್ಚಿಡುವ ಬಗೆಯೂ ಇದೆ, ನನಗೆ ಅದು ಸರಿಬರಲಿಲ್ಲ. ಕಳ್ಳನಿಗೆ ಹೆದರಿ ಅಲಾರಂ ಹಾಕಿ, ಕೀಲಿ ಡ್ಯಾಶ್‌ಬೋರ್ಡಿನಲ್ಲಿ ಇಡೋದಾ? ಕೀಲಿ ಬೇಡದ, ಡೇಟಾ ವೈರಿನಿಂದ ಕೆಲಸ ಮಾಡುವಂಥದ್ದು ತಂದೆ.

ಸೈರನ್ನನ್ನು ಬಾನೆಟ್ ಒಳಗೆ, ಎಕ್ಸಾಸ್ಟ್ ಬಿಸಿಯಿಂದ ದೂರ, ಬಾಯಿ ಕೆಳಗೆ ಮಾಡಿ ಕೂರಿಸಿ, ಇಲ್ಲದಿದ್ದರೆ ನೀರು ತುಂಬುತ್ತೆ. ಬಾನೆಟ್ ತೆರೆದಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಪಿನ್ ಸ್ವಿಚ್ಚಿಗೆ ತೂತು ಕೊರೆಯಲು ಸೋಮಾರಿತನ ಆಗುತ್ತೆ, ಆದರೂ ಹಾಕಿ. ನೀವು ಎಂಜಿನ್ ಬೆಲ್ಟ್ ಹತ್ತಿರ ಕೈ ಇಟ್ಟಾಗ ಮನೆಯೊಳಗೆ ಮಗು ರಿಮೋಟ್ ಒತ್ತಿದರೆ ಕೈ ಉಳಿಸುವುದು ಅದೊಂದೇ.

ಗಾಡಿ ಅಲುಗಿದರೆ ಅಲಾರಂ ಹೊಡೆಸುವ ಶಾಕ್ ಸೆನ್ಸರನ್ನು ಮೊದಲು ಕಡಿಮೆಗೆ ಇಟ್ಟು ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ನಾನು ಜಾಸ್ತಿ ಇಟ್ಟು, ಗುಡುಗಿಗೆಲ್ಲ ಬೀದಿಯೇ ಎದ್ದು ಕೂತಿತ್ತು.

ಬ್ಯಾಟರಿ ಮತ್ತೆ ಜೋಡಿಸಿ, ಕಿಟ್ಟಿನ ಕೈಪಿಡಿ ಹೇಳಿದಂತೆ ಎಂಜಿನ್ ಸುತ್ತುವ ವೇಗವನ್ನು ಯೂನಿಟ್ಟಿಗೆ ಕಲಿಸಿ. ಎಂಜಿನ್ ಹೊತ್ತಿದೆ ಅಂತ ಗೊತ್ತಾಗದಿದ್ದರೆ ಅದು ಸೆಲ್ಫ್ ಹೊಡೆಯುತ್ತಲೇ ಇರುತ್ತೆ. ಆಮೇಲೆ ಪರೀಕ್ಷೆ. ಬಾನೆಟ್ ತೆರೆದು ರಿಮೋಟ್ ಒತ್ತಿ, ಸ್ಟಾರ್ಟ್ ಆಗಬಾರದು. ರಿಮೋಟಿನಿಂದ ಎಂಜಿನ್ ಓಡುತ್ತಿರುವಾಗ ಬ್ರೇಕ್ ತುಳಿಯಿರಿ, ನಿಲ್ಲಬೇಕು. ಕೊನೆಗೆ ಬಯಲಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ಆನ್ ಮಾಡಿ ಗೇರ್ ಡ್ರೈವಿಗೆ ಹಾಕಿ. ಕಾಲನ್ನು ಬ್ರೇಕಿಗೆ ತಾಗಿಸದೆ ಅದರ ತುಸುವೇ ಮೇಲೆ ಹಿಡಿದು ರಿಮೋಟ್ ಒತ್ತಿ. ಸೆಲ್ಫ್ ಹೊಡೆಯಬಾರದು. ಹೊಡೆದರೆ ಗಾಡಿಯನ್ನು ಮನೆಯವರ ಕೈಗೆ ಕೊಡಬೇಡಿ.

ಅಮ್ಮನ ಪರ್ಸಿನಲ್ಲಿ ರಿಮೋಟ್ ಒತ್ತಿ ಗಾಡಿ ಎರಡು ಸಲ ತಾನಾಗಿ ಹೊತ್ತಿತ್ತು. ಬಯಲಲ್ಲಿದ್ದದ್ದಕ್ಕೆ ಸರಿಹೋಯಿತು. ಮನೆಗೆ ಅಂಟಿಕೊಂಡ ಮುಚ್ಚಿದ ಶೆಡ್ಡಿನಲ್ಲಾದರೆ ಹೊಗೆಯ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ನುಗ್ಗುತ್ತೆ. ಅವತ್ತೇ ಸೆಟ್ಟಿಂಗ್ ಬದಲಿಸಿ, ಎರಡು ಸಲ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವಂತೆ ಮಾಡಿದೆ.